ಸ್ಕ್ಯಾನ್ ರಿಪೋರ್ಟಿನ ಕೊನೆಯ ಸಾಲು

ಎಂಟು ತಿಂಗಳಿಂದ ನಾನು ಇಲ್ಲಿ ಏನೂ ಬರೆದಿಲ್ಲ. ಬಸ್ಸಿನ ಸೀಟಿಗಾಗಿ ಜಗಳವಾಡಿದ ಕತೆ, ಬಂಗಡೆ ಮೀನಿಗೆ ಚೌಕಾಸಿ ಮಾಡಿ ಸೋತ ಕತೆ ಓದಿ ನಕ್ಕವರಲ್ಲಿ ಕೆಲವರು ಇನ್‌ಬಾಕ್ಸಿಗೆ ಬಂದು ‘ಎಲ್ಲಿ ಸತ್ತೆ ಮಾರಾಯ್ತಿ?’ ಎಂದು ಕೇಳಿದ್ದೀರಿ. ತಮಾಷೆಗೆ ಕೇಳಿದ್ದು, ಗೊತ್ತು. ಪೂರ್ತಿ ಸತ್ತಿರಲಿಲ್ಲ, ಸ್ವಲ್ಪ ಸತ್ತಿದ್ದೆ. ಅಲಂಕಾರಕ್ಕೆ ಹೇಳುತ್ತಿಲ್ಲ. ನನ್ನ ಹೊಟ್ಟೆಯೊಳಗಿನ ಒಂದು ಅಂಗದ ಅರ್ಧದಷ್ಟು ಭಾಗ ನಿಜವಾಗಿಯೂ ಸತ್ತಿದೆ. ಸಿಟಿ ಸ್ಕ್ಯಾನಿನ ಪರದೆಯ ಮೇಲೆ ಅದು ಕಪ್ಪಾಗಿ ಕಾಣಿಸಿತು.

ಅದರ ಹೆಸರು ಮೇದೋಜೀರಕ ಗ್ರಂಥಿ. ಕೋಳಿ ಕೊಯ್ದಾಗ ಒಳಗಿನ ಒಂದೊಂದಕ್ಕೂ ಹೆಸರಿಟ್ಟು ಪಾಲು ಕೇಳುವ ಮನೆ ನಮ್ಮದು. ಆದರೆ ಈ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಿದ್ದು ನಾನು ಕೇಳಿರಲಿಲ್ಲ. ಹೊಟ್ಟೆಗೆ ಏನೇ ಆದರೂ ನಮ್ಮಲ್ಲಿ ಒಂದೇ ಹೆಸರು, ಗ್ಯಾಸ್. ಎದೆ ಉರಿದರೆ ಗ್ಯಾಸ್. ಬೆನ್ನು ಹಿಡಿದರೆ ಗ್ಯಾಸ್. ತಲೆ ತಿರುಗಿದರೆ ಗ್ಯಾಸ್ ತಲೆಗೇರಿದ್ದು. ನಮ್ಮ ಮಾವ ಹೃದಯಾಘಾತದಿಂದ ಹೋದಾಗಲೂ ಕೇರಿಯವರು ‘ಗ್ಯಾಸೇ ಎದೆಗೆ ಹೊಡ್ದದ್ದು’ ಎಂದು ತೀರ್ಮಾನ ಕೊಟ್ಟು ಚಹಾ ಕುಡಿದು ಹೋಗಿದ್ದರು.

ಹಾಗಾಗಿ ಆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಪಾತ್ರೆ ತೊಳೆಯುವಾಗ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಶುರುವಾದದ್ದನ್ನು ನಾನೂ ಗ್ಯಾಸ್ ಎಂದೇ ಅಂದುಕೊಂಡೆ. ಅರ್ಧ ಗಂಟೆಯಲ್ಲಿ ಅದು ಬೆನ್ನಿಗೆ ತೂತು ಕೊರೆದು ಆಚೆ ಬಂತು. ಮಲಗಿದರೆ ಪ್ರಾಣ ಹೋಗುತ್ತಿತ್ತು. ಮೊಣಕಾಲು ಅಪ್ಪಿಕೊಂಡು ಮುಂದಕ್ಕೆ ಬಾಗಿ ಕೂತರೆ ಮಾತ್ರ ಒಂದಿಷ್ಟು ಉಸಿರು. ನನ್ನ ಗಂಡ ಉದಯ, ಪಂಚಾಯತಿ ಕಚೇರಿಯಲ್ಲಿ ಕೆಲಸ, ಯಾವುದಕ್ಕೂ ಅವಸರ ಮಾಡದ ಮನುಷ್ಯ, ಓಮದ ನೀರು ಕಾಸಿ ತಂದುಕೊಟ್ಟ.

‘ಎರಡು ತೇಗು ಬಂದ್ರೆ ಸಮಾ ಆಗ್ತದೆ ನೋಡು.’

ತೇಗು ಬರಲಿಲ್ಲ. ವಾಂತಿ ಬಂತು. ಬೆಳಗಿನ ತನಕ ಬರುತ್ತಲೇ ಇತ್ತು.

ಸೋಮವಾರ ಬೆಳಿಗ್ಗೆ ಅಂಕೋಲೆ ಪೇಟೆಯ ಡಾಕ್ಟರರ ಬಳಿ ಹೋದೆವು. ಅವರು ಹೊಟ್ಟೆ ಒತ್ತಿ ನೋಡಿ, ಮುಖ ಗಂಭೀರ ಮಾಡಿ, ಒಂದು ಇಂಜೆಕ್ಷನ್ ಕೊಟ್ಟು, ‘ಸ್ಕ್ಯಾನ್ ಮಾಡಿಸಿ, ರಕ್ತ ಕೊಟ್ಟು, ಸಂಜೆ ರಿಪೋರ್ಟ್ ಹಿಡಿದುಕೊಂಡೇ ಬನ್ನಿ’ ಎಂದರು. ಉದಯ ಕಚೇರಿಗೆ ಮುಖ ತೋರಿಸಿ ಬರುತ್ತೇನೆಂದು ಹೋದ. ಪೇಟೆಯಲ್ಲೇ ಇರುವ ನನ್ನ ಅಕ್ಕ ಶೈಲಾ ಜೊತೆಗೆ ಬಂದಳು. ಅಕ್ಕ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ನಮ್ಮ ಕುಟುಂಬದಲ್ಲಿ ಯಾರ ಮನೆಗೆ ಇಂಗ್ಲಿಷಿನ ಕಾಗದ ಬಂದರೂ ಅದು ಮೊದಲು ಹೋಗುವುದು ಅವಳ ಕನ್ನಡಕದ ಕೆಳಗೆ.

ಸ್ಕ್ಯಾನಿಂಗಿನ ಜಗಲಿಯಲ್ಲಿ ಕೂತವರೆಲ್ಲ ಬಸುರಿಯರು. ಬಾಟಲಿ ಬಾಟಲಿ ನೀರು ಕುಡಿದು, ತಡೆಯಲಾಗದೆ, ಕಾಲು ಜೋಡಿಸಿಕೊಂಡು ಕೂತಿದ್ದರು. ಬಾಗಿ ಮುರುಟಿ ಕೂತ ನನ್ನನ್ನು ನೋಡಿ ಪಕ್ಕದ ಹುಡುಗಿಗೆ ಪಾಪ ಅನ್ನಿಸಿರಬೇಕು.

‘ನಿಮ್ಗೆ ಎಷ್ಟನೇದು ಅಕ್ಕಾ?’

‘ನಲವತ್ತೇಳನೇದು.’

‘ತಿಂಗ್ಳಾ?’

‘ವರ್ಷ ಮಾರಾಯ್ತಿ. ಇನ್ನೂ ಹೆರಿಗೆ ಆಗ್ಲಿಲ್ಲ.’

ಅಷ್ಟೂ ಜನ ನಕ್ಕರು. ನಗಬೇಡಿ ಎಂದು ಒಬ್ಬಳು ಬೇಡಿಕೊಂಡಳು, ಅವಳ ಕಷ್ಟ ಅವಳಿಗೆ. ಆಮೇಲೆ ಎಷ್ಟೋ ದಿನಗಳ ತನಕ ಅದೇ ನನ್ನ ಕೊನೆಯ ತಮಾಷೆ.

ಒಳಗೆ ಸ್ಕ್ಯಾನಿನ ಡಾಕ್ಟರರು ತಣ್ಣನೆಯ ಜೆಲ್ ಹಚ್ಚಿ ಆ ಯಂತ್ರದ ತುದಿಯಿಂದ ನೋವಿರುವ ಜಾಗವನ್ನೇ ಒತ್ತಿದರು. ಉಸಿರು ತೆಗೆದುಕೊಳ್ಳಿ, ಹಿಡಿಯಿರಿ, ಬಿಡಿ. ಮಗ್ಗುಲಿಗೆ ತಿರುಗಿ. ಮತ್ತೆ ಹಿಡಿಯಿರಿ. ‘ಪಿತ್ತಕೋಶದಲ್ಲಿ ಸಣ್ಣ ಸಣ್ಣ ಕಲ್ಲಿವೆ. ಹಿಂದಿರುವುದು ಕಾಣ್ತಾ ಇಲ್ಲ. ಗ್ಯಾಸ್ ಅಡ್ಡ ಬಂದಿದೆ’ ಎಂದು ಅವರು ಬರೆದುಕೊಳ್ಳುವವಳಿಗೆ ಹೇಳಿದ್ದು ನನಗೂ ಕೇಳಿಸಿತು. ನೋವಿನ ನಡುವೆ ನನ್ನ ಕಿವಿ ಒಂದೇ ಶಬ್ದವನ್ನು ಹಿಡಿಯಿತು.

ರಿಪೋರ್ಟ್ ಅಕ್ಕನ ಕೈಗೆ ಬಂತು. ಅವಳು ಬಾಗಿಲಲ್ಲೇ ನಿಂತು ಓದಿದಳು. ಲಿವರ್ ಸರಿ, ಕಿಡ್ನಿ ಸರಿ, ಪಿತ್ತಕೋಶದಲ್ಲಿ ಕಲ್ಲು. ಆಮೇಲೆ ಮೇದೋಜೀರಕ ಗ್ರಂಥಿಯ ಸಾಲು. ಕರುಳಿನ ಗ್ಯಾಸಿನಿಂದಾಗಿ ಅದು ಸರಿಯಾಗಿ ಕಾಣುತ್ತಿಲ್ಲ ಎಂದು ಆ ಸಾಲು ಹೇಳುತ್ತಿತ್ತು. ಅಕ್ಕ ಕನ್ನಡಕ ತೆಗೆದಳು.

‘ನೋಡು, ಗ್ಯಾಸ್ ಅಂದೇ ಬರ್ದಿದ್ದಾರೆ. ಕಲ್ಲು ಅರ್ಧ ಊರಿಗೇ ಅದೆ. ಸುಮ್ನೆ ಹೆದ್ರಿಸಿ ಹಾಕಿದ್ಯಲ್ಲೇ ಸುಜಿ.’

ಇಂಜೆಕ್ಷನ್ನಿನಿಂದ ನೋವು ಆಗ ಅರ್ಧ ಇಳಿದಿತ್ತು. ಡಾಕ್ಟರರು ಸಂಜೆ ಸಿಗುವುದು. ರಕ್ತ ಕೊಡುವಲ್ಲಿ ಸಾಲು ಇತ್ತು. ಮನೆಗೆ ಹೋಗಿ ಮಲಗು, ನಾಳೆ ನೋಡಿದರಾಯಿತು ಎಂದಳು ಅಕ್ಕ. ಬೊಬ್ರುವಾಡದ ನಮ್ಮ ಮನೆಗೆ ಆಟೋ ಹತ್ತಿದೆವು.

ಈಗ ಸರಿಯಾಗಿ ಕೇಳಿ. ಇದನ್ನು ಹೇಳಲಿಕ್ಕಾಗಿಯೇ ಇಷ್ಟು ಬರೆದದ್ದು.

ಆಟೋದಲ್ಲಿ ನಾನು ಆ ಕಾಗದವನ್ನು ಅಕ್ಕನ ತೊಡೆಯ ಮೇಲಿಂದ ತೆಗೆದುಕೊಂಡೆ. ನಾನು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆ. ಅಕ್ಕನಷ್ಟು ಬರದಿದ್ದರೂ ಓದಲಿಕ್ಕೆ ಬರುತ್ತದೆ. ಕೆಳಗೆ, ಸಹಿಯ ಸ್ವಲ್ಪ ಮೇಲೆ, ಇನ್ನೊಂದು ಸಾಲಿತ್ತು. ರಕ್ತ ಪರೀಕ್ಷೆಯ ಜೊತೆ ಹೋಲಿಸಿ ನೋಡಬೇಕು, ಅಗತ್ಯವಿದ್ದರೆ ಸಿಟಿ ಮಾಡಿಸಬೇಕು ಎಂದು. ಅಕ್ಕ ಅಲ್ಲಿಯ ತನಕ ಬಂದಿರಲಿಲ್ಲ. ಗ್ಯಾಸ್ ಸಿಕ್ಕಿದಲ್ಲೇ ನಿಂತುಬಿಟ್ಟಿದ್ದಳು.

ನಾನು ಓದಿದೆ. ಓದಿ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗೆ ಇಟ್ಟೆ.

ಎಂತಕ್ಕೆ ಅಂತ ಕೇಳುತ್ತೀರಿ. ನಮ್ಮ ಅಪ್ಪನಿಗೆ ಸಿಟಿ ಮಾಡಿಸಿ ಎಂದು ಗೋವಾಕ್ಕೆ ಕಳಿಸಿದ್ದರು. ಹೋಗುವಾಗ ಕಿಟಕಿ ಪಕ್ಕ ಕೂತು ಶೇಂಗಾ ತಿನ್ನುತ್ತ ಹೋದ ಮನುಷ್ಯ. ಬರುವಾಗ ಮೂರು ತಿಂಗಳ ಆಯಸ್ಸು ಹಿಡಿದುಕೊಂಡು ಬಂದ. ಅಂದಿನಿಂದ ನನಗೆ ಸಿಟಿ ಅಂದರೆ ಪರೀಕ್ಷೆಯಲ್ಲ, ತೀರ್ಪು. ಅಕ್ಕ ಗ್ಯಾಸ್ ಅಂದದ್ದು ತಪ್ಪು ಎಂದು ನನಗೆ ಗೊತ್ತಾಗಿತ್ತು. ಆದರೂ ನನಗೆ ಅದೇ ಬೇಕಾಗಿತ್ತು.

ಎರಡು ದಿನ ಮನೆಯಲ್ಲಿದ್ದೆ. ಅಕ್ಕ ನಮ್ಮಲ್ಲೇ ಉಳಿದಳು. ಖಾಲಿ ಹೊಟ್ಟೆಗೆ ಗ್ಯಾಸ್ ಜಾಸ್ತಿ ಎಂದು ತೆಂಗಿನ ಹಾಲು ಹಾಕಿದ ಗಂಜಿ ಮಾಡಿ, ಬೇಡವೆಂದರೂ ಬಾಯಿಗಿಟ್ಟಳು. ಚಿಕ್ಕಂದಿನಲ್ಲಿ ಉಣಿಸಿದ ಕೈ ಅದು, ನಾನು ನುಂಗಿದೆ. ಪ್ರತಿ ತುತ್ತಿಗೂ ಒಳಗೆ ಯಾರೋ ಕೆಂಡ ಸುರಿದಂತೆ ಆಗುತ್ತಿತ್ತು. ಆ ಗ್ರಂಥಿ ಕೆರಳಿದಾಗ ಬಾಯಿಗೆ ಏನನ್ನೂ ಹಾಕದೆ ಅದಕ್ಕೆ ವಿಶ್ರಾಂತಿ ಕೊಡಬೇಕಂತೆ. ನಾವು ಅದಕ್ಕೆ ತೆಂಗಿನ ಹಾಲು ಕುಡಿಸಿದೆವು.

ಬುಧವಾರ ಬೆಳಿಗ್ಗೆ ಹೊಟ್ಟೆ ಗುಮಟೆ ವಾದ್ಯದ ಚರ್ಮದ ಹಾಗೆ ಬಿಗಿದಿತ್ತು. ಜ್ವರ, ಮೇಲುಸಿರು. ಉದಯ ನೆರೆಮನೆಯವರ ಕಾರು ತಂದ. ಕಾರವಾರದ ತನಕ ದಾರಿಯ ಒಂದೊಂದು ರೋಡ್ ಹಂಪೂ ನನಗೆ ಇವತ್ತಿಗೂ ನೆನಪಿದೆ. ಬಿಣಗಾ ಘಟ್ಟ ಹತ್ತುವಾಗ ಅಕ್ಕ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ದೇವರುಗಳನ್ನು ಕರೆಯುತ್ತಿದ್ದಳು. ಉದಯ ಒಂದೇ ಸಲ ಬಾಯಿಬಿಟ್ಟ.

‘ಗ್ಯಾಸಿಗೆ ಹೀಂಗೆ ಆಗೂದಾ ಶೈಲಕ್ಕಾ?’

ಅಕ್ಕ ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿದಳು. ಪರ್ಸು ನನ್ನ ಪಕ್ಕದಲ್ಲೇ ಇತ್ತು.

ಆಸ್ಪತ್ರೆಯ ಡಾಕ್ಟರು ಧಾರವಾಡ ಕಡೆಯ ಹುಡುಗಿ. ರಕ್ತದ ರಿಪೋರ್ಟ್ ಬಂದ ಕೂಡಲೇ ಐಸಿಯುಗೆ ಹಾಕಿದರು. ಬಾಯಿಗೆ ನೀರೂ ಇಲ್ಲ. ಮೂಗಿನಿಂದ ಒಂದು ನಳಿಗೆ, ಎರಡೂ ಕೈಗೆ ಸಲೈನ್. ಉದಯ ‘ಈಗ್ಲೇ ಸಿಟಿ ಮಾಡಿ, ಎಷ್ಟಾದ್ರೂ ಆಗ್ಲಿ’ ಎಂದನಂತೆ. ಯಾವುದಕ್ಕೂ ಅವಸರ ಮಾಡುವ ಮನುಷ್ಯನೇ ಅಲ್ಲ ಅವನು.

‘ತಡೀರಿ. ಕಿಡ್ನಿ ಸ್ವಲ್ಪ ಸುಧಾರಿಸ್ಲಿ. ಇಂಥಾದ್ರಾಗ ಅವಸರ ಮಾಡಿ ತಗದ್ರ ಪೂರಾ ಕಾಣಂಗಿಲ್ರಿ. ಎಷ್ಟು ಹಾಳಾಗೇತಿ ಅನ್ನೂದು ತಿಳೀಲಿಕ್ಕ ಇನ್ನೊಂದೆರಡು ದಿನ ಬೇಕು.’

ನಾನು ಯಾವುದಕ್ಕೆ ಹೆದರಿ ಮನೆಗೆ ಓಡಿದ್ದೆನೋ ಅದಕ್ಕೇ ಎರಡು ದಿನ ಕಾದೆ. ಐಸಿಯುನಲ್ಲಿ ಹಗಲೂ ಒಂದೇ, ರಾತ್ರಿಯೂ ಒಂದೇ. ಪಕ್ಕದ ಪರದೆಯ ಹಿಂದೆ ಯಾರದ್ದೋ ಯಂತ್ರ ಕೂಗುತ್ತಿತ್ತು, ಆಮೇಲೆ ಕೂಗಲಿಲ್ಲ. ನರ್ಸುಗಳು ಮಂಚ ತಳ್ಳಿಕೊಂಡು ಹೋದರು. ನನಗೆ ಬಂದದ್ದು ದುಃಖವಲ್ಲ, ಅಸೂಯೆ. ಮುಗಿಯಿತಲ್ಲ ಪುಣ್ಯವಂತರದ್ದು, ಅಂತ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೀಗೆ ಅನ್ನಿಸಿದವರು ನಿಮ್ಮಲ್ಲೂ ಇರಬಹುದು ಎಂದು ಹೇಳುತ್ತಿದ್ದೇನೆ.

ಶುಕ್ರವಾರ ಸಿಟಿಗೆ ಒಯ್ದರು. ಯಂತ್ರ ನಡೆಸುವವನು ಸದಾಶಿವಗಡದವನು, ಕೊಂಕಣಿ ಬೆರೆತ ರಾಗದ ಕನ್ನಡ.

‘ಬಾಯೀ, ಹೆದ್ರೂದು ಬೇಡ. ಔಷಧ ಹೋಗುವಾಗ ಮೈಯೆಲ್ಲ ಬಿಸಿ ಆಗ್ತದೆ. ಮೂತ್ರ ಹೋಯ್ತು ಅಂದೇ ಅನ್ನಿಸ್ತದೆ. ಹೋಗೂದಿಲ್ಲ, ನಾ ಗ್ಯಾರಂಟಿ.’

ಅನ್ನಿಸಿತು. ಗಂಟಲಿನಿಂದ ಶುರುವಾಗಿ ಕೆಳಗಿನ ತನಕ ಬಿಸಿನೀರು ಹೊಯ್ದಂತೆ. ಯಂತ್ರದೊಳಗಿಂದ ಒಂದು ಹೆಣ್ಣು ದನಿ ಹಿಂದಿಯಲ್ಲಿ ಉಸಿರು ಹಿಡಿಯಲು ಹೇಳಿತು. ಹಿಡಿಯಲಿಕ್ಕೆ ನನ್ನಲ್ಲಿ ಉಸಿರೇ ಇರಲಿಲ್ಲ. ಆ ದನಿಗೆ ಅದು ಗೊತ್ತಾಗುವ ಹಾಗಿರಲಿಲ್ಲ. ಬಿಡಿ ಎಂದಿತು. ಮತ್ತೆ ಹಿಡಿಯಿರಿ ಎಂದಿತು. ಮುಗಿದ ಮೇಲೆ ಆ ಮನುಷ್ಯ ಬಂದು ನನ್ನ ಕೆಳಗಿನ ಬಟ್ಟೆ ನೋಡಿ, ‘ಕಂಡ್ರಾ? ಒಣಗೇ ಅದೆ’ ಎಂದ. ಆ ವಾರದಲ್ಲಿ ನನಗೆ ಕೊಟ್ಟ ಮಾತನ್ನು ಉಳಿಸಿಕೊಂಡವನು ಅವನೊಬ್ಬ.

ಪರದೆಯ ಮೇಲೆ ಕಂಡದ್ದನ್ನು ಡಾಕ್ಟರು ಉದಯನಿಗೂ ಅಕ್ಕನಿಗೂ ತೋರಿಸಿದರಂತೆ. ಆಮೇಲೆ ಉದಯ ನನಗೆ ಹೇಳಿದ್ದು ಇದು. ‘ಔಷಧ ರಕ್ತದ ಜೋಡಿ ಹೋಗಿ ಎಲ್ಲಾ ಕಡೆ ಬೆಳ್ಳಗ ಕಾಣ್ತದ. ಇಲ್ಲಿ ನಡುವ ನೋಡ್ರಿ. ಹೋಗೇ ಇಲ್ಲ. ಈ ಭಾಗ ಸತ್ತದ’ ಎಂದರಂತೆ. ಪಿತ್ತಕೋಶದ ಒಂದು ಸಣ್ಣ ಕಲ್ಲು ಜಾರಿ ದಾರಿ ಕಟ್ಟಿದ್ದರಿಂದ ಹೀಗಾಯಿತಂತೆ. ಅರ್ಧ ಊರಿಗೇ ಇರುವ ಕಲ್ಲು. ಗ್ಯಾಸಿನಿಂದ ಕಾಣದಿದ್ದರೆ ಸಿಟಿ ಮಾಡಿಸಿ ಎಂದು ಸ್ಕ್ಯಾನಿನವರು ಕೊನೆಗೆ ಬರೆದೇ ಇರುತ್ತಾರೆ ಎಂದೂ ಹೇಳಿದರಂತೆ.

ಅಕ್ಕ ಕೇಳಿದಳಂತೆ, ‘ಎರಡು ದಿನ ಮೊದ್ಲೇ ಬಂದಿದ್ರೆ ಇದು ಉಳೀತಿತ್ತಾ ಮೇಡಂ?’

ಡಾಕ್ಟರು ಹೇಳಿದ್ದು ಇಷ್ಟೇ ಅಂತೆ. ‘ಹೇಳಾಕ ಬರಂಗಿಲ್ರಿ.’

ಇಲ್ಲ ಎಂದಿದ್ದರೆ ಅಕ್ಕ ಬದುಕಿಕೊಳ್ಳುತ್ತಿದ್ದಳು. ಹೌದು ಎಂದಿದ್ದರೂ ಒಂದು ಲೆಕ್ಕ. ಇದು ಎರಡೂ ಅಲ್ಲ. ಅವಳು ಒಳಗೆ ಬಂದು ನನ್ನ ಕಾಲು ಹಿಡಿದುಕೊಂಡಳು. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು, ನನ್ನ ಕಾಲು.

‘ನನ್ನಿಂದ ಆಯ್ತೇ ಸುಜಿ. ಮುವ್ವತ್ತು ವರ್ಷ ಮಕ್ಳಿಗೆ ಪೂರ್ತಿ ಓದಿ, ಪೂರ್ತಿ ಓದಿ ಅಂದು ಹೇಳ್ದವ್ಳು ನಾನು.’

ನನ್ನ ಮೂಗಿನಲ್ಲಿ ನಳಿಗೆ ಇತ್ತು, ಮಾತಾಡಲು ಕಷ್ಟ. ಆದರೆ ತಲೆ ಅಲ್ಲಾಡಿಸಬಹುದಿತ್ತು. ನಾನು ಮುಖವನ್ನು ಗೋಡೆಗೆ ತಿರುಗಿಸಿದೆ. ಅವಳು ಅದನ್ನು ಹೇಗೆ ಓದಿಕೊಂಡಳು ಎಂದು ನನಗೆ ಗೊತ್ತು. ಹಾಗೆಯೇ ಓದಿಕೊಳ್ಳಲಿ ಎಂದು ಬಿಟ್ಟೆ.

ಮೂರನೇ ವಾರ ವಾರ್ಡಿಗೆ ಹಾಕಿದರು. ಪಕ್ಕದ ಮಂಚದಲ್ಲಿ ಒಬ್ಬ ಬಾಣಂತಿ ಜ್ವರ ಬಂದು ಮಲಗಿದ್ದಳು. ಅವಳನ್ನು ನೋಡಿಕೊಳ್ಳಲು ಬಂದ ಅತ್ತೆ ಮೀನು ಮಾರುವ ಹೆಂಗಸು. ನನ್ನ ತುಟಿ ಒಡೆದು ರಕ್ತ ಬರುವುದನ್ನು ನೋಡಿ, ನರ್ಸನ್ನು ಕೇಳಿ, ಹತ್ತಿಯನ್ನು ನೀರಿನಲ್ಲಿ ಅದ್ದಿ ಒರೆಸಿದಳು.

‘ನುಂಗಬೇಡ, ಹಾಂ? ಬಾಯಿ ಹಸಿ ಮಾಡೂದು ಅಷ್ಟೆ. ನನ್ ಕೈ ಮೀನು ವಾಸ್ನೆ, ಆಗ್ತದಲ್ಲ ನಿಂಗೆ?’

ಆ ವಾಸನೆಗೆ ನನಗೆ ಅಳು ಬಂತು. ಇಪ್ಪತ್ತು ದಿನದಿಂದ ಅನ್ನ ಕಂಡಿರಲಿಲ್ಲ. ಅವಳು ಗಾಬರಿಯಾಗಿ ಸಾಬೂನು ಹಚ್ಚಿ ಕೈ ತೊಳೆದು ಬಂದಳು. ತೊಳೆಯಬೇಡ ಎಂದು ಹೇಳುವಷ್ಟರಲ್ಲಿ ತೊಳೆದಾಗಿತ್ತು.

ಮನೆಗೆ ಬಂದಾಗ ಹದಿನಾರು ಕಿಲೋ ಇಳಿದಿದ್ದೆ. ಸತ್ತ ಭಾಗದ ಸುತ್ತ ನೀರು ತುಂಬಿ ಒಂದು ಚೀಲ ಕಟ್ಟಿಕೊಂಡಿದೆ, ಅದನ್ನು ಆಗಾಗ ಸಿಟಿ ಮಾಡಿ ನೋಡುತ್ತಿರಬೇಕು ಎಂದರು. ಸಕ್ಕರೆ ಕಾಯಿಲೆಯೂ ಬಂತು. ದಿನಕ್ಕೆ ಮೂರು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತೇನೆ. ಎಣ್ಣೆ, ತೆಂಗಿನಕಾಯಿ, ಕರಿದದ್ದು ಯಾವುದೂ ಇಲ್ಲ. ಕಾಯಿ ಇಲ್ಲದ ಸಾರು ಉಣ್ಣುವ ಅಂಕೋಲೆಯವರ ಮುಖ ನೀವು ನೋಡಿಲ್ಲವಾದರೆ ನಮ್ಮ ಮನೆಗೆ ಬನ್ನಿ.

ಅಕ್ಕ ದಿನಾ ಬಂದಳು. ನನ್ನ ಬಟ್ಟೆ ಒಗೆದಳು, ಬೆನ್ನು ತಿಕ್ಕಿದಳು. ಮೀನು ಬಿಟ್ಟಳು. ಮೀನಿಲ್ಲದಿದ್ದರೆ ಒಂದು ತುತ್ತು ಇಳಿಯದವಳು ‘ನೀ ಮೊದ್ಲಿನ ಹಾಂಗೆ ಉಂಡ ದಿನ ನಾ ತಿಂತೆ’ ಎಂದು ಹರಕೆ ಹೊತ್ತು, ಉಪ್ಪಿನಕಾಯಿ ನೆಕ್ಕಿಕೊಂಡು ಅನ್ನ ಉಂಡಳು. ನೆಂಟರು ಬಂದು ‘ಅಷ್ಟು ಓದಿದವ್ಳು ಹೀಂಗೆ ಮಾಡೂದಾ’ ಎಂದಾಗ ತಲೆ ತಗ್ಗಿಸಿ ಚಹಾ ಮಾಡಲು ಹೋದಳು. ನಾನು ಮಂಚದ ಮೇಲಿಂದ ಎಲ್ಲವನ್ನೂ ಕೇಳಿಸಿಕೊಂಡೆ. ನನಗೆ ಸಿಟ್ಟು ಮಾಡಿಕೊಳ್ಳಲು ಒಬ್ಬರು ಬೇಕಾಗಿತ್ತು. ಅಕ್ಕ ತಾನಾಗಿಯೇ ಬಂದು ಆ ಜಾಗದಲ್ಲಿ ಕೂತಿದ್ದಳು. ಏಳು ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ರೋಗ ಮನುಷ್ಯರನ್ನು ಒಳ್ಳೆಯವರನ್ನಾಗಿ ಮಾಡುತ್ತದೆ ಎಂದು ಯಾರಾದರೂ ಬರೆದರೆ ನಂಬಬೇಡಿ.

ಹೋದ ತಿಂಗಳು ಮತ್ತೆ ಸಿಟಿಗೆ ಕರೆದಿದ್ದರು. ಉದಯನಿಗೆ ರಜೆ ಉಳಿದಿರಲಿಲ್ಲ, ಅಕ್ಕ ಬಂದಳು. ಕೈಗೆ ಸೂಜಿ ಹಾಕಿಸಿಕೊಂಡು ಹೊರಗಿನ ಬೆಂಚಿನಲ್ಲಿ ಕೂತಿದ್ದೆವು. ಅಕ್ಕನ ಕೈಯಲ್ಲಿ ನನ್ನ ಹಳೆಯ ರಿಪೋರ್ಟುಗಳ ಕಟ್ಟು. ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿದ್ದಳು, ಒಂದನ್ನು ಬಿಟ್ಟು.

‘ಅಂಕೋಲೆ ಸ್ಕ್ಯಾನಿಂದು ಒಂದು ಸಿಕ್ಕೂದಿಲ್ಲ. ಡಾಕ್ಟರು ಕೇಳಿದ್ರೆ ಎಂತಾ ಹೇಳೂದು? ನಾನೇ ಎಲ್ಲೋ ಕಳ್ದೆ ಕಾಣ್ತದೆ’ ಎಂದಳು.

ಅದನ್ನೂ ತನ್ನ ತಲೆಗೇ ಹಾಕಿಕೊಂಡಳಲ್ಲ, ಅಲ್ಲಿಗೆ ನನ್ನಿಂದ ತಡೆಯಲಾಗಲಿಲ್ಲ.

‘ಅಕ್ಕಾ, ಅದು ನನ್ ಹತ್ರ ಅದೆ. ಕೊನೇ ಸಾಲು ನಾ ಓದಿದ್ದೆ. ಅವತ್ತೇ. ಆಟೋದಲ್ಲಿ.’

‘ಎಂತಾ ಓದಿದ್ದೆ?’

‘ಸಿಟಿ ಮಾಡ್ಸಿ ಅಂದು ಇತ್ತಲ್ಲ.’

ಅವಳು ಕನ್ನಡಕ ತೆಗೆದಳು. ಒರೆಸಿದಳು. ಮತ್ತೆ ಹಾಕಿಕೊಳ್ಳಲಿಲ್ಲ.

‘ಮತ್ತೆ ಎಂತಕ್ಕೆ ಹೇಳ್ಲಿಲ್ಲ?’

‘ಹೆದ್ರಿಕೆ ಆಯ್ತು. ಅಪ್ಪಂದು ನೆನಪಾಯ್ತು. ನೀ ಗ್ಯಾಸ್ ಅಂದಿದ್ದು ಚಲೋ ಅನ್ನಿಸ್ತು.’

‘ಅದು ಅವತ್ತಿಂದು. ಅವತ್ತಿಂದಕ್ಕೆ ನಾ ಎಂತದೂ ಹೇಳೂದಿಲ್ಲ. ಆಮೇಲೆ? ನಾ ನಿನ್ನ ಕಾಲು ಹಿಡ್ಕೊಂಡಾಗ? ಏಳು ತಿಂಗ್ಳು ನಾ ನಿದ್ದೆ ಮಾಡ್ಲಿಲ್ಲ ಸುಜಿ.’

ನನ್ನ ಹೆಸರು ಕೂಗಿದರು. ಒಳಗೆ ಹೋದೆ. ಅದೇ ಬಿಸಿ, ಅದೇ ಹಿಂದಿ ದನಿ. ಈ ಸಲ ಉಸಿರು ಹಿಡಿಯಲು ಬಂತು. ಹೊರಗೆ ಬಂದಾಗ ಬೆಂಚಿನ ಮೇಲೆ ರಿಪೋರ್ಟಿನ ಕಟ್ಟು ಇತ್ತು, ಅದರ ಮೇಲೆ ನನ್ನ ನೀರಿನ ಬಾಟಲಿ, ನನ್ನ ಇನ್ಸುಲಿನ್ನಿನ ಡಬ್ಬಿ. ಅಕ್ಕ ಇರಲಿಲ್ಲ.

ಎರಡು ಗಂಟೆ ಕಾದು ರಿಪೋರ್ಟ್ ತೆಗೆದುಕೊಂಡೆ. ಆ ಚೀಲ ಹಾಗೆಯೇ ಇದೆ. ಕಿರಿದಾಗಿಲ್ಲ. ಹೀಗೇ ಇದ್ದರೆ ಕೊಳವೆ ಹಾಕಿ ತೆಗೆಯಬೇಕಾದೀತು, ಅದಕ್ಕೆ ದೊಡ್ಡ ಊರಿಗೇ ಹೋಗಬೇಕು ಎಂದರು ಡಾಕ್ಟರು. ಒಬ್ಬಳೇ ಬಸ್ಸಿನಲ್ಲಿ ಬಂದೆ. ಸೀಟಿಗಾಗಿ ಯಾರ ಜೊತೆಯೂ ಜಗಳ ಮಾಡಲಿಲ್ಲ.

ನಿಮಗೆ ಹೇಳಬೇಕಾದದ್ದು ಇಷ್ಟೇ. ಸ್ಕ್ಯಾನಿನಲ್ಲಿ ಕಾಣಲಿಲ್ಲ ಎಂದು ಬರೆದರೆ ಅಲ್ಲಿ ಏನೂ ಇಲ್ಲ ಎಂದು ಅರ್ಥವಲ್ಲ. ನೋಡಲು ಆಗಲಿಲ್ಲ ಎಂದರ್ಥ. ಕಾಗದ ಹಿಡಿದು ಡಾಕ್ಟರರ ಬಳಿ ವಾಪಸ್ಸು ಹೋಗಿ. ಹೆದರಿಕೆಯಾದರೆ ಜೊತೆಗಿದ್ದವರಿಗೆ ಹೆದರಿಕೆ ಆಗುತ್ತಿದೆ ಎಂದು ಬಾಯಿಬಿಟ್ಟು ಹೇಳಿ.

ಇದನ್ನು ಬರೆದು ಮೊದಲು ಅಕ್ಕನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ. ಮೂರು ದಿನ ಕಾದೆ. ಬೇಡ ಅನ್ನದಿದ್ದರೆ ಒಪ್ಪಿಗೆ ಎಂದು ಓದಿಕೊಳ್ಳುವ ಧೈರ್ಯ ನನಗೆ ಉಳಿದಿಲ್ಲ. ನಿನ್ನೆ ಸಂಜೆ ಪೇಟೆಗೆ ಹೋಗಿ ಅವಳ ಬಾಗಿಲು ತಟ್ಟಿದೆ. ಅರ್ಧ ತೆರೆದಳು.

‘ಹಾಕ್ಲಾ ಅಕ್ಕಾ?’

‘ಹಾಕು. ನನ್ನ ಹೆಸ್ರು ಹಾಂಗೇ ಇರ್ಲಿ.’

ನಾನು ಮೆಟ್ಟಿಲ ಮೇಲೆ ನಿಂತೇ ಇದ್ದೆ. ನಮ್ಮಲ್ಲಿ ಬಾಗಿಲಿಗೆ ಬಂದ ಮೀನಿನವಳಿಗೂ ಬಾ, ಕೂತ್ಕೋ ಅನ್ನುತ್ತಾರೆ. ಅಕ್ಕ ಅನ್ನಲಿಲ್ಲ.